ಸಂಜೆಯ ನೀರನ್ನು ನಂಬಿ ದೋಣಿ ಕಟ್ಟಬೇಡಿ

(ಕಾಸರಗೋಡಿನ ಹಿನ್ನೀರಿನಲ್ಲಿ ಇರುಳು ತಂಗುವ ಜಾಗ ಹುಡುಕುವ ಬಗೆ: ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸ್ವಂತ ದೋಣಿ ಇರುವವರು, ಬಾಡಿಗೆಗೆ ಹಿಡಿದು ಎರಡು ಮೂರು ದಿನ ನೀರಿನ ಮೇಲೆ ಕಳೆಯಬೇಕೆಂದಿರುವವರು, ಹೊಳೆಬದಿಯ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವವರು ಇಲ್ಲಿ ಸೇರಿದ್ದೀರಿ. ಇವತ್ತಿನ ವಿಷಯ ಒಂದೇ. ಕತ್ತಲಾಗುವ ಮೊದಲು ದೋಣಿಯನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ಕಟ್ಟಬೇಕು?

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು. ಆದರೆ ಹೆಚ್ಚಿನವು ಗಿಡ್ಡ ಹೊಳೆಗಳು. ಮಂಜೇಶ್ವರ ಹೊಳೆಯ ಉದ್ದ 16 ಕಿಲೋಮೀಟರ್ ಮಾತ್ರ. ದೋಣಿಯಲ್ಲಿ ಮಲಗಿ ಮುಂದೆ ಸಾಗುವಷ್ಟು ನೀರಿನ ಹಾದಿ ಮುಖ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು, ತಳಂಗರೆಯ ಹತ್ತಿರ ಕಡಲು ಸೇರುವ ಚಂದ್ರಗಿರಿಯ ಕೆಳಭಾಗ. ಇನ್ನೊಂದು, ನೀಲೇಶ್ವರದ ಕೋಟಪ್ಪುರಂನಿಂದ ತೆಂಕಕ್ಕೆ ಪಡನ್ನ, ವಲಿಯಪರಂಬ, ಕವ್ವಾಯಿವರೆಗೆ ಹಬ್ಬಿರುವ ಹಿನ್ನೀರು. ವಲಿಯಪರಂಬದ ಉದ್ದನೆಯ ಹೊಯಿಗೆ (ಮರಳು) ಪಟ್ಟಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಹಿನ್ನೀರು. ಕೋವಳದಿಂದ ಬೇಕಲದವರೆಗಿನ ಜಲಮಾರ್ಗ ಪೂರ್ತಿಯಾದರೆ ಈ ಹಾದಿ ಇನ್ನೂ ಉದ್ದವಾದೀತು. ಎಷ್ಟೇ ಉದ್ದವಾದರೂ ನಮ್ಮ ನೀರಿನ ಗುಣ ಬದಲಾಗುವುದಿಲ್ಲ. ಇದು ಏರಿಳಿಯುವ ನೀರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ದೋಣಿ ಕಟ್ಟುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಕಾಲುವೆ ದೋಣಿಗಳವು. ಏಳು ಅಡಿಗಿಂತ ಕಡಿಮೆ ಅಗಲದ ಉದ್ದನೆಯ ಉಕ್ಕಿನ ದೋಣಿಗಳು ಅವು. ಅಲ್ಲಿ ಲಾಕುಗಳ, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಬಾಗಿಲು ಹಾಕಿದ ಕಟ್ಟೆಗಳ ನಡುವೆ ನೀರಿನ ಮಟ್ಟವನ್ನು ಹೆಚ್ಚುಕಡಿಮೆ ಒಂದೇ ಸಮನೆ ಕಾಯುತ್ತಾರೆ. ದಂಡೆಗೆ ಕಬ್ಬಿಣದ ಗೂಟ ಹೊಡೆದು ಹಿಂದೆ ಮುಂದೆ ಬಿಗಿಯಾಗಿ ಕಟ್ಟುತ್ತಾರೆ. ಸಡಿಲ ಬಿಟ್ಟರೆ ಪಕ್ಕದಲ್ಲಿ ಹಾದುಹೋಗುವ ದೋಣಿಯ ಸೆಳೆತಕ್ಕೆ ಗೂಟವೇ ಕಿತ್ತುಬರುತ್ತದೆ. ಲಾಕಿನ ಬಾಯಿ, ತಿರುವು, ಸೇತುವೆಯ ಕೆಳಗೆ, ದೋಣಿ ತಿರುಗಿಸುವ ಅಗಲ ಜಾಗ, ಇಲ್ಲೆಲ್ಲ ಕಟ್ಟಬಾರದೆಂಬ ಅವರ ಮಾತು ನಮಗೂ ಹೊಂದುತ್ತದೆ. ಆದರೆ ‘ಬಿಗಿಯಾಗಿ ಕಟ್ಟಿ’ ಎಂಬುದನ್ನು ತಂದು ಚಂದ್ರಗಿರಿಯಲ್ಲಿ ಮಾಡಿದರೆ ನಡುರಾತ್ರಿ ದೋಣಿ ಹಗ್ಗದಲ್ಲಿ ನೇತಾಡುತ್ತದೆ. ಒಂದು ಕಡೆಯ ಕೊಕ್ಕೆ ಕಿತ್ತು, ದೋಣಿ ವಾಲಿ, ಮಲಗಿದ್ದವರ ಮೇಲೆ ನೀರು ಬರುತ್ತದೆ.

ಹಾಗಾಗಿ ಮೊದಲು ಭರತ ಇಳಿತದ ಲೆಕ್ಕ. ಮಲಯಾಳ ಆಡುವ ದೋಣಿಯವರು ಇದನ್ನೇ ವೇಲಿಯೇಟ್ಟ, ವೇಲಿಯಿರಕ್ಕ ಎನ್ನುತ್ತಾರೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ನಿನ್ನೆಯ ಭರತ ಇವತ್ತು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಮ್ಮ ಕಡಲಂಚಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಏರಿಳಿತ ಒಂದೂಕಾಲು ಮೀಟರಿನ ಆಸುಪಾಸು. ಅಷ್ಟಮಿಯ ಹೊತ್ತಿಗೆ ಅದರ ಅರ್ಧದಷ್ಟು. ಅಳಿವೆಯಿಂದ ಒಳಕ್ಕೆ ಹೋದಂತೆ ಏರಿಳಿತ ಕುಗ್ಗುತ್ತದೆ, ಹೊತ್ತೂ ಹಿಂದೆ ಬೀಳುತ್ತದೆ. ಮಂಗಳೂರಿನ ಭರತದ ಪಟ್ಟಿ ನೋಡಿ ‘ಪಡನ್ನದಲ್ಲೂ ಇದೇ ಹೊತ್ತು’ ಎಂದುಕೊಳ್ಳಬೇಡಿ.

ತಿಥಿ ಗೊತ್ತಿದ್ದರೆ ಪಟ್ಟಿ ಇಲ್ಲದೆಯೂ ಒಂದು ಅಂದಾಜು ಸಿಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಂದು ನಮ್ಮ ಕಡಲಲ್ಲಿ ಭರತ ಬರುವುದು ಬೆಳಗ್ಗೆ ಮತ್ತು ರಾತ್ರಿ 11-12ರ ಆಸುಪಾಸಿನಲ್ಲಿ. ಅಂದರೆ ಸಂಜೆ ನೀವು ಬಂದು ನಿಲ್ಲುವಾಗ ನೀರು ಇಳಿದಿರುತ್ತದೆ. ಕೆಸರು, ಕಲ್ಲು, ಹಳೆಯ ಗೂಟ ಎಲ್ಲ ಕಣ್ಣಿಗೆ ಬೀಳುತ್ತವೆ. ಜಾಗ ಅಸಹ್ಯವಾಗಿ ಕಂಡರೂ ಆಯ್ಕೆಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಸಪ್ತಮಿ, ಅಷ್ಟಮಿ, ನವಮಿಗಳಲ್ಲಿ ತಿರುಗುಮುರುಗು: ಸಂಜೆ ಐದಾರು ಗಂಟೆಗೆ ನೀರು ತುಂಬಿ, ದಂಡೆಯ ಹುಲ್ಲನ್ನು ಮುಟ್ಟಿ, ಎಲ್ಲ ಕಡೆಯೂ ಚಂದ ಕಾಣುತ್ತದೆ. ಮೋಸ ಹೋಗುವುದು ಆ ದಿನಗಳಲ್ಲಿ. ಏರಿಳಿತ ಕಡಿಮೆಯ ದಿನ ನಿಜ, ಆದರೂ ನಡುರಾತ್ರಿಗೆ ಎರಡು ಮೂರು ಗೇಣು ನೀರು ಇಳಿಯಬಹುದು. ಇನ್ನೊಂದು ವಿಷಯವನ್ನೂ ನೆನಪಿಡಬೇಕು. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಅಳತೆಯವಲ್ಲ. ಒಂದು ಇನ್ನೊಂದಕ್ಕಿಂತ ಕೆಲವು ದಿನ ಒಂದು ಮೊಳದಷ್ಟು ಕೆಳಗೆ ಹೋಗುತ್ತದೆ. ಮಧ್ಯಾಹ್ನದ ಇಳಿತದಲ್ಲಿ ದೋಣಿ ತೇಲಿತು ಎಂದ ಮಾತ್ರಕ್ಕೆ ಇರುಳಿನ ಇಳಿತದಲ್ಲೂ ತೇಲುತ್ತದೆ ಎಂದಿಲ್ಲ.

ಇಳಿಯುವ ವೇಗವೂ ಒಂದೇ ಸಮನಲ್ಲ. ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ‘ಒಂದು ಗಂಟೆ ನೋಡಿದೆವು, ಎರಡು ಬೆರಳು ಇಳಿಯಿತಷ್ಟೆ’ ಎಂದು ಮಲಗಿದವರಿಗೆ ಪೆಟ್ಟು ಬೀಳುವುದು ಆ ಮೂರು ನಾಲ್ಕನೆಯ ಗಂಟೆಗಳಲ್ಲಿ.

ದಂಡೆಯೇ ಬಹಳಷ್ಟು ಹೇಳುತ್ತದೆ, ಓದಲು ಬರಬೇಕು. ಸೇತುವೆಯ ಕಂಬಕ್ಕೋ ಮುರಕಲ್ಲಿನ ಕಟ್ಟೆಗೋ ಅಂಟಿದ ಚಿಪ್ಪುಗಳ ಪಟ್ಟಿಯನ್ನು ನೋಡಿ. ಆ ಪಟ್ಟಿಯ ಮೇಲಂಚು ದಿನದಿನದ ಭರತ ಮುಟ್ಟುವ ಎತ್ತರದ ಹತ್ತಿರ ಇರುತ್ತದೆ. ಈಗಿನ ನೀರು ಆ ಅಂಚನ್ನು ಮುಟ್ಟುತ್ತಿದ್ದರೆ ಇನ್ನು ಇಳಿಯುವುದಷ್ಟೇ ಬಾಕಿ. ಚಿಪ್ಪೆಲ್ಲ ಹೊರಗೆ ಕಾಣುತ್ತಿದ್ದರೆ ಏರಬೇಕಾದದ್ದು ಎಷ್ಟೆಂದು ಅಲ್ಲೇ ಅಳೆಯಬಹುದು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಎಲೆಗಳು ಕೆಳಗಡೆ ಕತ್ತರಿಸಿದಂತೆ ಒಂದೇ ಮಟ್ಟಕ್ಕೆ ನಿಂತಿದ್ದರೆ ಅದೂ ತುಂಬುನೀರಿನ ಗುರುತು. ಇದೆಲ್ಲಕ್ಕಿಂತ ದೊಡ್ಡದು ಅಲ್ಲಿನ ಮೀನುಗಾರರ ಒಂದು ಮಾತು. ‘ಏಟ್ಟಾ, ಇವಿಡೆ ರಾತ್ರಿ ವೆಳ್ಳಂ ಎತ್ರ ಇರಙ್ಙುಂ?’ ಎಂದು ಕೇಳಿ. ‘ಇಲ್ಲಿ ಕಟ್ಟಬಹುದಾ’ ಎಂದು ಕೇಳಿದರೆ ಮರ್ಯಾದೆಗೆ ಹೂಂ ಎಂದಾರು. ನೀರು ಎಷ್ಟು ಇಳಿಯುತ್ತದೆ ಎಂದರೆ ಸರಿಯಾದ ಲೆಕ್ಕ ಕೊಡುತ್ತಾರೆ.

ಆಮೇಲೆ ಗಳ. ಮೂರು ಮೀಟರಿನ ಬಿದಿರಿನ ಗಳಕ್ಕೆ ಗೇಣಿಗೊಂದು ಬಣ್ಣದ ಪಟ್ಟಿ ಹಾಕಿ ದೋಣಿಯಲ್ಲಿ ಇಟ್ಟುಕೊಳ್ಳಿ. ನಿಲ್ಲಬೇಕೆಂದಿರುವ ಜಾಗದ ಸುತ್ತ, ದೋಣಿಯ ಉದ್ದದಷ್ಟು ದೂರದವರೆಗೆ, ಹತ್ತು ಹನ್ನೆರಡು ಕಡೆ ಊರಿ ನೋಡಿ. ಒಂದೇ ಕಡೆ ನೋಡಿದರೆ ಸಾಲದು. ದೋಣಿಯ ತಳ ಅರ್ಧ ಮೀಟರ್ ನೀರು ಬೇಡುತ್ತದೆ ಎನ್ನಿ. ಇರುಳಿನ ಅತಿ ಕಡಿಮೆ ನೀರಿನಲ್ಲೂ ಅದರ ಕೆಳಗೆ ಒಂದೂವರೆ ಗೇಣು ಉಳಿಯಬೇಕು. ಸಂಜೆ ತುಂಬುನೀರಿನಲ್ಲಿ ಗಳ ಒಂದೂಕಾಲು ಮೀಟರ್ ತೋರಿಸಿ, ಇಳಿಯುವುದು ಮುಕ್ಕಾಲು ಮೀಟರ್ ಆದರೆ ತಳ ನೆಲಕ್ಕೆ ತಾಗುತ್ತದೆ. ಆ ಜಾಗ ಬೇಡ. ಗಳದ ತುದಿ ನೆಲದ ಗುಣವನ್ನೂ ತಿಳಿಸುತ್ತದೆ. ಮೆತ್ತಗೆ ಇಳಿದು ಕರಿ ಮಣ್ಣು ಹಿಡಿದು ಬಂದರೆ ಕೆಸರು. ಕರಕರ ಎಂದರೆ ಹೊಯಿಗೆ. ಟಣ್ ಎಂದು ಪುಟಿದರೆ ಕಲ್ಲು.

ತಳ ತಾಗುವುದೆಲ್ಲ ಅಪಾಯವಲ್ಲ. ಸಮತಟ್ಟಾದ ಕೆಸರಿನ ಮೇಲೆ ಚಪ್ಪಟೆ ತಳದ ದೋಣಿ ಕೂತು ಮತ್ತೆ ತೇಲಬಹುದು. ಇಳಿಜಾರಿನಲ್ಲಿ ಕೂತರೆ ಮಾತ್ರ ಅಪಾಯ. ದೋಣಿ ಹೊಳೆಯ ಕಡೆಗೆ ವಾಲುತ್ತದೆ. ನೀರು ವಾಪಸು ಬರುವಾಗ ದೋಣಿ ಏಳುವ ಮೊದಲೇ ಅಂಚಿನಿಂದ ಒಳಕ್ಕೆ ನುಗ್ಗುತ್ತದೆ. ಇನ್ನೊಂದು, ಕೆಸರಿನಲ್ಲಿ ಮುರಿದು ಉಳಿದ ಗೂಟಗಳು. ಪಡನ್ನ, ಚೆರ್ವತ್ತೂರಿನ ಕಡೆ ಪಚ್ಚಿಲೆ ಎಂಬ ಚಿಪ್ಪುಜೀವಿಯ ಸಾಕಣೆ ಇದೆ. ಬಿದಿರಿನ ಚಪ್ಪರಕ್ಕೆ ಹಗ್ಗ ಇಳಿಬಿಟ್ಟು ಅದರಲ್ಲಿ ಪಚ್ಚಿಲೆ ಬೆಳೆಸುತ್ತಾರೆ. ಮಳೆ ಕಳೆದ ಮೇಲೆ ಮರಿ ಕಟ್ಟಿ, ಮತ್ತೆ ಮಳೆ ಬರುವ ಮುಂಚೆ ಕೊಯ್ಯುತ್ತಾರೆ. ಕೊಯ್ಲು ಮುಗಿದ ಜಾಗದಲ್ಲಿ ಬಿದಿರಿನ ಬುಡ ಉಳಿದಿದ್ದರೆ ಇಳಿತದಲ್ಲಿ ಅದು ತಳಕ್ಕೆ ಮೊಳೆಯಂತೆ ನಾಟುತ್ತದೆ. ಬೆಳೆ ಇರುವ ಕಾಲದಲ್ಲಂತೂ ಆ ಚಪ್ಪರದ ಕಂಬಕ್ಕೆ ಹಗ್ಗ ಸುತ್ತಲೇಬಾರದು. ದೋಣಿಯ ಒಂದು ಎಳೆತಕ್ಕೆ ಕಂಬ ವಾಲಿದರೆ ಒಂದು ಮನೆಯ ವರ್ಷದ ದುಡಿಮೆ ಕೆಸರಿಗೆ ಬೀಳುತ್ತದೆ. ಬಲೆ ಕಟ್ಟುವ ಗೂಟಗಳಿಗೂ ಇದೇ ಮಾತು.

ಇನ್ನು ಬೇಡದ ಜಾಗಗಳು. ಅಳಿವೆಯ ಹತ್ತಿರ ಬೇಡ. ಅಲ್ಲಿ ಸೆಳೆತ ಹೆಚ್ಚು, ಹೊಯಿಗೆಯ ದಿಬ್ಬಗಳು ಜಾಗ ಬದಲಿಸುತ್ತವೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಕಳ್ಳಕಡಲ್ ಎನ್ನುವ ಉಬ್ಬು ಇಲ್ಲಿ ಗಾಳಿಯೇ ಇಲ್ಲದೆ ನುಗ್ಗಬಹುದು. ತೆಂಕಣದ ದೂರದ ಸಾಗರದಲ್ಲಿ ಹುಟ್ಟಿದ ಅಲೆ ಅದು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮೊದಲು ನೋಡಿಕೊಳ್ಳಿ. ಹೊಳೆಯ ತಿರುವಿನ ಹೊರಬದಿ ಆಳ ಇರುತ್ತದೆ, ನಿಜ. ಆದರೆ ಆ ದಂಡೆ ಕೊರೆದು ಕುಸಿಯುವ ದಂಡೆ. ಒಳಬದಿಯಲ್ಲಿ ಹೊಯಿಗೆ ತುಂಬಿ ಆಳ ಇರುವುದಿಲ್ಲ. ತಿರುವು ಕಳೆದು ನೇರವಾದ ಭಾಗ ಒಳ್ಳೆಯದು. ಬಾವಿಕ್ಕೆರೆಯಂಥ ಅಣೆಕಟ್ಟಿನ ಕೆಳಗೆ, ಬಾಗಿಲು ತೆರೆದಾಗ ನೀರು ನುಗ್ಗುವ ಜಾಗದಲ್ಲಿ ನಿಲ್ಲಬೇಡಿ. ಊರವರು ದಾಟುವ ಕಡವನ್ನು, ಸರ್ಕಾರಿ ಬೋಟು ಬರುವ ಜೆಟ್ಟಿಯನ್ನು ಖಾಲಿ ಬಿಡಿ. ಮುಂಜಾನೆ ಶಾಲೆಗೆ, ಆಸ್ಪತ್ರೆಗೆ ಹೋಗುವವರಿಗೆ ಅದೇ ದಾರಿ. ಖಾಸಗಿ ತೋಟದ ಮರಕ್ಕೆ ಕಟ್ಟುವುದಿದ್ದರೆ ಮನೆಯವರನ್ನು ಕೇಳಿಯೇ ಕಟ್ಟಬೇಕು.

ತೆಂಗಿನ ಮರದ ಕೆಳಗೆ ಎಂದೂ ಬೇಡ. ನಮ್ಮ ದಂಡೆಯುದ್ದಕ್ಕೂ ನೀರಿನ ಮೇಲೆ ಬಾಗಿದ ತೆಂಗುಗಳೇ. ನೆರಳು, ಚಂದ, ಹಗ್ಗ ಸುತ್ತಲು ಅನುಕೂಲ. ಗಾಳಿ ಎದ್ದಾಗ ಒಂದು ಬಲಿತ ಕಾಯಿ ಆರೇಳು ಮಾರು ಎತ್ತರದಿಂದ ತಲೆಯ ಮೇಲಿನ ಚಪ್ಪರವನ್ನು ಸೀಳಿ ಬರುತ್ತದೆ. ಒಣಗಿದ ಮಡಲೂ ಸಾಕಷ್ಟು ಭಾರ. ಕಟ್ಟಲೇಬೇಕಾದರೆ ಉದ್ದದ ಹಗ್ಗದಲ್ಲಿ ಮರದಿಂದ ದೂರ ನಿಲ್ಲಿಸಿ.

ಜಾಗ ಸಿಕ್ಕಿತು. ಈಗ ಹಗ್ಗ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ತೊಂದರೆಗಳ ಮೂಲ ಹೆಚ್ಚಾಗಿ ಇಲ್ಲೇ. 25-30 ಅಡಿಯ ದೋಣಿಗೆ 12 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ ಬೇಕು. ಒಂದೊಂದು 15 ಮೀಟರಿನಂತೆ ನಾಲ್ಕು. ನೈಲಾನ್ ಎಳೆದಾಗ ಹಿಗ್ಗುತ್ತದೆ, ಅದರಿಂದ ಕೊಕ್ಕೆಗೆ ಪೆಟ್ಟು ಕಡಿಮೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗ ನೀರಿನ ಮೇಲೆ ತೇಲಿ ಪ್ರೊಪೆಲ್ಲರಿಗೆ ಸುತ್ತುತ್ತದೆ, ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಪುಡಿಯಾಗುತ್ತದೆ.

ದಂಡೆಗೆ ಕಟ್ಟುವಾಗ ಹಗ್ಗ ಗಿಡ್ಡವಾದಷ್ಟೂ ಅಪಾಯ. ಲೆಕ್ಕ ನೋಡಿ. ತುಂಬುನೀರಿನಲ್ಲಿ ದೋಣಿಯ ಕೊಕ್ಕೆ, ದಂಡೆಯ ಗೂಟ ಒಂದೇ ಮಟ್ಟದಲ್ಲಿವೆ, ಹಗ್ಗ ಬಿಗಿಯಾಗಿದೆ. ನೀರು 1.2 ಮೀಟರ್ ಇಳಿಯಿತು. ಹಗ್ಗ ಎರಡು ಮೀಟರಿನದಾದರೆ ದೋಣಿ ಅಲ್ಲೇ ನಿಲ್ಲಲು 33 ಸೆಂಟಿಮೀಟರ್ ಹೆಚ್ಚು ಹಗ್ಗ ಬೇಕು. ಆರು ಮೀಟರಿನದಾದರೆ 12 ಸೆಂಟಿಮೀಟರ್ ಸಾಕು. ಅಷ್ಟು ಸಡಿಲವನ್ನು ಕಟ್ಟುವಾಗಲೇ ಬಿಡಬಹುದು. ಅದಕ್ಕೇ ದೋಣಿಗೆ ನೇರ ಎದುರಿನ ಗೂಟ ಬೇಡ. ಮುಂದಿನ ಹಗ್ಗವನ್ನು ಓರೆಯಾಗಿ ಮುಂದಕ್ಕೆ, ಹಿಂದಿನದನ್ನು ಓರೆಯಾಗಿ ಹಿಂದಕ್ಕೆ, ಒಂದೊಂದು ಐದಾರು ಮೀಟರ್ ಒಯ್ದು ಕಟ್ಟಿ. ಮೂತಿಯಿಂದ ಹಿಂದಕ್ಕೆ, ಹಿಂಬದಿಯಿಂದ ಮುಂದಕ್ಕೆ ಇನ್ನೆರಡು ಹಗ್ಗ ಒಂದನ್ನೊಂದು ದಾಟುವಂತೆ ಹಾಕಿದರೆ ಸೆಳೆತ ತಿರುಗಿದಾಗ ದೋಣಿ ಹಿಂದೆ ಮುಂದೆ ಓಡುವುದಿಲ್ಲ. ಗೂಟಕ್ಕೆ ಎರಡು ಸುತ್ತು ಸುತ್ತಿ ಅದರ ಮೇಲೆ ಎರಡು ಅರೆಗಂಟು ಹಾಕಿದರೆ ಸಾಕು, ಎಳೆತ ಇದ್ದಾಗಲೂ ಬಿಚ್ಚಬಹುದು. ಮರವಾದರೆ ಬುಡಕ್ಕೊಂದು ಗೋಣಿ ಸುತ್ತಿ, ಹಗ್ಗವನ್ನು ಬಳಸಿ ತಂದು ತುದಿಯನ್ನು ದೋಣಿಯಲ್ಲೇ ಕಟ್ಟಿ. ರಾತ್ರಿ ಸರಿಪಡಿಸಬೇಕಾದರೆ ಕತ್ತಲಲ್ಲಿ ದಂಡೆಗೆ ಇಳಿಯುವ ಅಗತ್ಯ ಬೀಳುವುದಿಲ್ಲ.

ಜೆಟ್ಟಿಯ ಪಕ್ಕ ಕಟ್ಟುವಾಗ ಇನ್ನೊಂದು ಬಲೆ ಇದೆ. ಇಳಿತದಲ್ಲಿ ದೋಣಿಯ ಅಂಚು ಜೆಟ್ಟಿಯ ಹಲಗೆಯ ಕೆಳಗೆ ತೂರಿಕೊಳ್ಳುತ್ತದೆ. ನೀರು ಏರುವಾಗ ಹಲಗೆ ಅದನ್ನು ಮೇಲೇಳಲು ಬಿಡುವುದಿಲ್ಲ, ದೋಣಿ ಅಲ್ಲೇ ತುಂಬಿ ಮುಳುಗುತ್ತದೆ. ಟಯರನ್ನು ಅಡ್ಡಡ್ಡ ತೂಗುಹಾಕಿದರೆ ಸಾಲದು. ಎರಡು ಕಂಬಗಳಿಗೆ ತಾಗುವಷ್ಟು ಉದ್ದದ ಹಲಗೆಯೊಂದನ್ನು ಟಯರಿನ ಹೊರಗೆ ಇಳಿಬಿಡಬೇಕು. ಇದಕ್ಕಿಂತ ಹಿನ್ನೀರಿನ ನಡುವೆ ಲಂಗರು ಹಾಕುವುದೇ ಎಷ್ಟೋ ಸಲ ಮೇಲು, ಸೊಳ್ಳೆಯೂ ಕಡಿಮೆ.

ಲಂಗರಿನ ಹಗ್ಗದ ಉದ್ದಕ್ಕೆ ಸೂತ್ರ ಹೀಗೆ: ಅತಿ ಹೆಚ್ಚು ನೀರಿನ ಆಳಕ್ಕೆ ಮೂತಿಯ ಎತ್ತರ ಕೂಡಿಸಿ, ಐದರಿಂದ ಗುಣಿಸಿ, ಗಾಳಿಯಿದ್ದರೆ ಏಳರಿಂದ. ಈಗ ಆಳ ಒಂದೂವರೆ ಮೀಟರ್, ಏರಬೇಕಾದದ್ದು 1.2, ಮೂತಿಯ ಎತ್ತರ 0.6. ಒಟ್ಟು 3.3, ಐದರಿಂದ ಗುಣಿಸಿದರೆ ಹದಿನಾರೂವರೆ ಮೀಟರ್, ಅಂದರೆ ಒಂಬತ್ತು ಮಾರು. ಲಂಗರಿನ ಬುಡಕ್ಕೆ ಎರಡು ಮಾರು ಸರಪಳಿ ಇದ್ದರೆ ಎಳೆತ ನೆಲಕ್ಕೆ ಮಲಗಿದಂತೆ ಬರುತ್ತದೆ. ನಾಲ್ಕು ಕೊಕ್ಕೆಯ ಲಂಗರು ಕಲ್ಲಿನಲ್ಲಿ ಹಿಡಿಯುತ್ತದೆ, ನಮ್ಮ ಕೆಸರಿನಲ್ಲಿ ಉಳುಮೆ ಮಾಡುತ್ತ ಜಾರುತ್ತದೆ. ಕೆಸರಿಗೂ ಹೊಯಿಗೆಗೂ ಅಗಲ ಎಲೆಗಳ, ಏಳೆಂಟು ಕಿಲೋದ ಲಂಗರು ಬೇಕು. ಎಸೆಯಬೇಡಿ, ಇಳಿಸಿ. ದೋಣಿ ಸೆಳೆತಕ್ಕೆ ಹಿಂದೆ ಸರಿಯುವಾಗ ಹಗ್ಗ ಬಿಡುತ್ತ ಹೋಗಿ, ಕೊನೆಗೆ ಎಂಜಿನನ್ನು ನಿಧಾನವಾಗಿ ಹಿಂದಕ್ಕೆ ಒಂದು ನಿಮಿಷ ನಡೆಸಿ. ಆಗ ದಡದ ಒಂದು ದೀಪದ ಕಂಬ, ಅದರ ಹಿಂದಿನ ಒಂದು ಮರ, ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿದು ನೋಡಿ. ಗೆರೆ ಕದಲದಿದ್ದರೆ ಲಂಗರು ಕಚ್ಚಿದೆ. ಸೆಳೆತ ತಿರುಗುವ ಹೊತ್ತಿಗೆ ಎದ್ದು ಇನ್ನೊಮ್ಮೆ ನೋಡಲೇಬೇಕು. ದೋಣಿ ಮಗ್ಗುಲು ಬದಲಿಸುವಾಗ ಲಂಗರು ಕಿತ್ತು ಮತ್ತೆ ಕಚ್ಚಬೇಕಾಗುತ್ತದೆ, ಕೆಲವೊಮ್ಮೆ ಕಚ್ಚುವುದಿಲ್ಲ. ಇಕ್ಕಟ್ಟಿನ ಜಾಗದಲ್ಲಿ ದೋಣಿಗೆ ಸುತ್ತಲು ಅವಕಾಶವಿಲ್ಲದಿದ್ದರೆ ಮೇಲ್ಗಡೆಗೊಂದು, ಕೆಳಗಡೆಗೊಂದು ಲಂಗರು ಹಾಕಿ.

ಹೊಳೆಯಲ್ಲಾದರೆ ಮೂತಿ ಮೇಲ್ಗಡೆಗೆ, ಘಟ್ಟದ ಕಡೆಗೆ ಇರಲಿ. ಇಳಿತದ ಸೆಳೆತಕ್ಕೆ ಹೊಳೆಯ ಹರಿವೂ ಕೂಡುವುದರಿಂದ ಬಲವಾದ ಎಳೆತ ಆ ಕಡೆಯಿಂದಲೇ ಬರುತ್ತದೆ. ಚಂದ್ರಗಿರಿಯ ನೀರು ಕೊಡಗಿನ ಬೆಟ್ಟಗಳಿಂದ ಪಯಸ್ವಿನಿಯಾಗಿ ಇಳಿದು ಬರುವಂಥದ್ದು. ಕಾಸರಗೋಡಿನಲ್ಲಿ ನಕ್ಷತ್ರ ಕಾಣುವ ರಾತ್ರಿಯೂ ಮೇಲೆ ಮಳೆ ಸುರಿದಿದ್ದರೆ ಬೊಳ್ಳ (ನೆರೆ) ಬರುತ್ತದೆ. ಗುರುತು ಮೂರು: ನೀರು ಕೆಂಪಾಗುವುದು, ನೊರೆಯೊಂದಿಗೆ ತರಗೆಲೆ ಕಡ್ಡಿ ತೇಲಿ ಬರುವುದು, ಇಳಿಯಬೇಕಾದ ಹೊತ್ತಿನಲ್ಲೂ ನೀರು ಇಳಿಯದೆ ನಿಲ್ಲುವುದು. ಮೂರನೆಯದು ಕಂಡರೆ ಕಾಯಬೇಡಿ, ಎಲ್ಲರನ್ನೂ ದಡಕ್ಕೆ ಇಳಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಯಲ್ಲಿ ರಾತ್ರಿ ತಂಗುವ ಯೋಚನೆಯೇ ಬೇಡ.

ಗಾಳಿಯ ಲೆಕ್ಕ ಸಣ್ಣದು. ಒಣ ತಿಂಗಳುಗಳಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕಡಲ ಗಾಳಿ ಪಡುವಣದಿಂದ, ರಾತ್ರಿಯಿಂದ ಬೆಳಗಿನವರೆಗೆ ನೆಲದ ಗಾಳಿ ಮೂಡಣದಿಂದ. ಸಂಜೆ ಮರೆಯಾಗಿ ಕಂಡ ದಂಡೆ ನಸುಕಿನಲ್ಲಿ ಬಯಲಾಗುತ್ತದೆ. ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್ ತಿಂಗಳ ಸಂಜೆ ಸಿಡಿಲು ಸಾಮಾನ್ಯ; ಬಯಲು ನೀರಿನ ನಡುವೆ ಒಂಟಿಯಾಗಿ ಇರಬೇಡಿ, ಒಂಟಿ ಮರದ ಬುಡಕ್ಕೂ ಕಟ್ಟಬೇಡಿ.

ಹೊತ್ತಿನ ಬಗ್ಗೆ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಐದಕ್ಕೆ ಎಂಜಿನ್ ನಿಲ್ಲಬೇಕೆಂದರೆ ಜಾಗ ಹುಡುಕಲು ನಾಲ್ಕಕ್ಕೇ ಶುರುಮಾಡಿ. ಮೊದಲ ಜಾಗ ಸರಿಬಾರದಿದ್ದರೆ ಎರಡನೆಯದಕ್ಕೆ ಬೆಳಕು ಉಳಿದಿರಬೇಕು. ಕತ್ತಲಾದ ಮೇಲೆ ಹಿನ್ನೀರು ಮೀನುಗಾರರದು, ಬಲೆಗಳು ಇಳಿದಿರುತ್ತವೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿ ಕತ್ತಲ ಹೊತ್ತಿಗೆ ಓಡಿದ ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಹೆಚ್ಚಿನವರು ಮಕ್ಕಳು, ಹೆಂಗಸರು. ‘ಇನ್ನೊಂದು ಅರ್ಧ ಗಂಟೆ ಹೋಗೋಣ’ ಎಂದು ಯಾರಾದರೂ ಅಂದಾಗ ಇದನ್ನು ನೆನಪಿಸಿ.

ಸುರಕ್ಷಿತವಾದ ಜಾಗವೆಲ್ಲ ಹಿತವಾಗಿರುವುದಿಲ್ಲ. ಮಡಕ್ಕರದಂಥ ಮೀನುಗಾರಿಕಾ ಬಂದರಿನ ಪಕ್ಕ ದೀಪ, ಜನ ಎಲ್ಲ ಇರುತ್ತದೆ, ಆದರೆ ನಸುಕಿಗೆ ಮುಂಚೆಯೇ ಎಂಜಿನುಗಳ ಸದ್ದು ಏಳುತ್ತದೆ. ರೈಲು ಸೇತುವೆಯ ಹತ್ತಿರ ರಾತ್ರಿಯಿಡೀ ಗಾಡಿ ಓಡುತ್ತದೆ. ತೆಂಗಿನ ಸಿಪ್ಪೆ ಕೊಳೆಹಾಕಿದ ಗುಂಡಿಗಳಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹಗಲಿನ ಕಡಲ ಗಾಳಿಯಲ್ಲಿ ಗೊತ್ತಾಗದೆ, ರಾತ್ರಿ ಗಾಳಿ ತಿರುಗಿದಾಗ ಗೊತ್ತಾಗುತ್ತದೆ. ಕಾಂಡ್ಲಾ ಕಾಡಿನಿಂದ ನೂರು ಮೀಟರ್ ದೂರ ನಿಂತರೆ ಸೊಳ್ಳೆ ಎಷ್ಟೋ ತಗ್ಗುತ್ತದೆ. ಮಲಯಾಳ ಪಂಚಾಂಗದ ತುಲಾ ಮಾಸದ ಹತ್ತರಿಂದ (ಅಕ್ಟೋಬರ್ ಕೊನೆ) ಎಡವದವರೆಗೆ (ಮೇ-ಜೂನ್) ತೆಯ್ಯಂ, ಅಂದರೆ ದೈವ ಕಟ್ಟಿ ಆಡುವ ಆರಾಧನೆಯ ಕಾಲ. ಹತ್ತಿರದ ಕಾವಿನಲ್ಲಿ (ದೈವದ ಬನದಲ್ಲಿ) ಕಳಿಯಾಟ, ಅಂದರೆ ತೆಯ್ಯಂ ಉತ್ಸವ ಇದ್ದರೆ ಬೆಳಗಿನವರೆಗೆ ಚೆಂಡೆ. ನಿದ್ದೆ ಬೇಕಾದವರು ಒಂದು ಮೈಲಿ ಮುಂದೆ ಹೋಗಬಹುದು. ದೋಣಿ ಗಟ್ಟಿಯಾಗಿ ಕಟ್ಟಿ, ಒಬ್ಬರನ್ನು ಕಾವಲಿಗೆ ಬಿಟ್ಟು, ಕೇಳಿಕೊಂಡು ಹೋಗಿ ನೋಡಿ ಬರುವುದು ನಮ್ಮ ದೃಷ್ಟಿಯಲ್ಲಿ ಹೆಚ್ಚು ಒಳ್ಳೆಯದು. ನೀರಿನ ದಾರಿಯಲ್ಲಿ ಬಂದವರಿಗೆ ಈ ನಾಡು ಕೊಡುವ ದೊಡ್ಡ ಕಾಣಿಕೆ ಅದು.

ಮಲಗುವ ಮುಂಚಿನ ಕೆಲಸಗಳು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಕೂರುತ್ತದೆ. ಒಲೆಯ ತಿರುಪು ಸಾಲದು, ಸಿಲಿಂಡರಿನ ಬಾಯಿಯನ್ನೇ ಮುಚ್ಚಿ. ಜನ ಮಲಗಿರುವಾಗ ಜನರೇಟರ್ ಓಡಬಾರದು, ಹೊಗೆಯ ವಿಷಕ್ಕೆ ವಾಸನೆಯಿಲ್ಲ. ಎತ್ತರದಲ್ಲಿ ಸುತ್ತಲೂ ಕಾಣುವ ಒಂದು ಬಿಳಿ ದೀಪ ರಾತ್ರಿಯಿಡೀ ಉರಿಯಲಿ. 3 ವ್ಯಾಟಿನ ಎಲ್‌ಇಡಿಗೆ 12 ಗಂಟೆಯಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಖರ್ಚಾಗುವುದು 3 ಆಂಪಿಯರ್-ಅವರ್ ಮಾತ್ರ. ತಳದ ನೀರನ್ನು ಒಮ್ಮೆ ಪೂರ್ತಿ ತೆಗೆದು ಒರೆಸಿ. ಬೆಳಗ್ಗೆ ಎಷ್ಟಿದೆ ಎಂದು ನೋಡಿದರೆ ಸೋರಿಕೆಯ ಲೆಕ್ಕ ಸಿಗುತ್ತದೆ. ಲೈಫ್ ಜಾಕೆಟ್ಟುಗಳು ಹಾಸಿಗೆಯ ಪಕ್ಕದಲ್ಲಿರಲಿ. ಇಳಿತ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಮೊದಲು ಅಲಾರಂ ಇಡಿ. ಎದ್ದವರು ಗಳ ಊರಿ ಆಳ ನೋಡಬೇಕು, ಪ್ರತಿ ಹಗ್ಗವನ್ನೂ ಕೈಯಲ್ಲಿ ಒತ್ತಿ ನೋಡಬೇಕು. ತಂತಿಯಂತೆ ಬಿಗಿದಿದ್ದರೆ ಸುತ್ತು ಬಿಡದೆ ಅಂಗುಲ ಅಂಗುಲವಾಗಿ ಸಡಿಲಿಸಿ. ಒಮ್ಮೆಲೇ ಬಿಟ್ಟರೆ ದೋಣಿ ಧೊಪ್ಪನೆ ಕೂರುತ್ತದೆ, ಬೆರಳೂ ಸಿಕ್ಕಿಕೊಳ್ಳುತ್ತದೆ.

ಬೆಳಗ್ಗೆ ಹೊರಡುವಾಗ ಮೊದಲು ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಒಂದು ಎಲೆ ಬಿಟ್ಟು ನೋಡಿ. ಮುಂದೆ ತಗ್ಗಿನ ಸೇತುವೆ ಇದ್ದರೆ ತುಂಬುನೀರಿನಲ್ಲಿ ಅದರ ಕೆಳಗಿನ ಅಂತರ ಒಂದು ಮೀಟರಿನಷ್ಟು ಕುಗ್ಗಿರಬಹುದು. ಚಪ್ಪರದ ಎತ್ತರ ಅಳೆದಿಟ್ಟುಕೊಂಡು ಹೊರಡಿ. ಎಂಜಿನ್ ಶುರುವಾಗಿ ಎರಡು ನಿಮಿಷ ಸರಿಯಾಗಿ ಓಡಿದ ಮೇಲೆಯೇ ಹಗ್ಗಕ್ಕೆ ಕೈ ಹಾಕಿ. ಸೆಳೆತಕ್ಕೆ ಬಿಗಿಯದೆ ಸುಮ್ಮನೆ ತೂಗುತ್ತಿರುವ ಹಗ್ಗಗಳನ್ನು ಮೊದಲು, ದೋಣಿಯನ್ನು ಹಿಡಿದಿರುವುದನ್ನು ಕೊನೆಗೆ ಬಿಚ್ಚಿ, ತುದಿಗಳೆಲ್ಲ ದೋಣಿಯೊಳಗೆ ಬಂದವೆಂದು ಎಣಿಸಿದ ಮೇಲೆ ಗೇರು ಹಾಕಿ.